ಅಜ್ಜನ ಚಾಕುವಿನ ಕೀಲು: ಒಂದು ಹನಿ ಎಣ್ಣೆಯ ಹಿಂದಿನ ಚರಿತ್ರೆ

ಹೋದ ಮಹಾನವಮಿಗೆ ಮನೆ ಸ್ವಚ್ಛ ಮಾಡುವಾಗ ಅಜ್ಜನ ಟ್ರಂಕು ತೆಗೆದೆವು. ಶಿರಹಟ್ಟಿ ಮತ್ತು ಲಕ್ಷ್ಮೇಶ್ವರದ ನಡುವಿನ ಊರು ನಮ್ಮದು. ಟ್ರಂಕಿನಲ್ಲಿ ಒಂದು ರುಮಾಲು, ಹರಿದ ಎಲೆ ಚಂಚಿ, ಒಂದು ಅಡಕೊತ್ತು, ಒಂದು ಮಡಚುವ ಚಾಕು ಮತ್ತು ಬೆರಳುದ್ದದ ಒಂದು ತಗಡಿನ ಡಬ್ಬಿ ಇದ್ದವು. ಡಬ್ಬಿಯಲ್ಲಿ ಕಪ್ಪಾಗಿ ಗಟ್ಟಿಯಾದ ಅರಿವೆ ಚೂರು ಬಿಟ್ಟರೆ ಏನೂ ಇರಲಿಲ್ಲ.

ಆ ಚಾಕು ನನಗೆ ಚೆನ್ನಾಗಿ ನೆನಪಿದೆ. ಅಜ್ಜ ಅದರಿಂದ ಕಬ್ಬು ಸುಲಿಯುತ್ತಿದ್ದ, ಉಳ್ಳಾಗಡ್ಡಿ ಹೆಚ್ಚುತ್ತಿದ್ದ, ಎತ್ತಿನ ಹಗ್ಗದ ಬಿಗಿದ ಗಂಟು ಕತ್ತರಿಸುತ್ತಿದ್ದ, ನಮ್ಮ ಕಾಲಿಗೆ ಚುಚ್ಚಿದ ಜಾಲಿ ಮುಳ್ಳು ತೆಗೆಯುತ್ತಿದ್ದ. ಕೆಲಸ ಮುಗಿದ ಮೇಲೆ ಹೆಬ್ಬೆರಳಿನಿಂದ ಒತ್ತಿದರೆ 'ಟಕ್' ಎಂದು ಮಡಚಿಕೊಳ್ಳುತ್ತಿತ್ತು.

ಈಗ ಅದು ತೆರೆಯಲಿಲ್ಲ. ಉಗುರು ಹಾಕಿ ಎಳೆದರೂ ಅಲಗು ಕದಲಲಿಲ್ಲ. ಅಡುಗೆ ಮನೆಯಿಂದ ಎರಡು ಹನಿ ಕುಸುಬಿ ಎಣ್ಣೆ ತಂದು ಕೀಲಿಗೆ ಬಿಟ್ಟೆ. ಸ್ವಲ್ಪ ಸಡಿಲಾಯಿತು, ಸಂತೋಷವಾಯಿತು. ತಿಂಗಳು ಬಿಟ್ಟು ನೋಡಿದರೆ ಮೊದಲಿಗಿಂತ ಬಿಗಿಯಾಗಿತ್ತು. ಕೀಲಿನ ಸುತ್ತ ಬೆಲ್ಲದ ಪಾಕದಂಥ ಅಂಟು ಕಟ್ಟಿತ್ತು.

ಸುದ್ದಿಯ ಕೆಲಸಕ್ಕೆ ಮುಂಡರಗಿ ಕಡೆ ಹೋದಾಗ ಚಾಕು ಜೇಬಿನಲ್ಲಿತ್ತು. ದಾರಿಯ ಊರೊಂದರಲ್ಲಿ ನಮ್ಮ ಮನೆತನ ಗೊತ್ತಿರುವ ಒಬ್ಬ ಹಿರಿಯ ಕಂಬಾರರಿದ್ದಾರೆ. ಅವರ ಕೈಗೆ ಕೊಟ್ಟೆ. ಅವರು ಮೊದಲು ಮೂಸಿ ನೋಡಿದರು.

"ಯಾವ ಎಣ್ಣಿ ಬಿಟ್ಟೀಯೋ ತಮ್ಮಾ ಇದಕ್ಕ?"

"ಕುಸಬಿ ಎಣ್ಣಿ ಕಾಕಾ. ಮನ್ಯಾಗ ಅದ ಇತ್ತರಿ."

"ಹಂಗಾರ ತಪ್ಪು ಚಾಕೂಂದಲ್ಲ ಬಿಡು. ಕುಸಬಿ ಒಗ್ಗರಣಿಗೆ ಛಲೋ. ಕೀಲಿಗೆ ಅದು ಎಣ್ಣಿ ಅಲ್ಲ, ಅಂಟು."

ಆಮೇಲೆ ಟ್ರಂಕಿನಲ್ಲಿ ಸಿಕ್ಕ ಡಬ್ಬಿಯ ಬಗ್ಗೆ ಹೇಳಿದೆ. ಅವರು ನಕ್ಕರು. "ಅದ ನೋಡು ನಿಮ್ಮಜ್ಜನ ಔಷಧ ಡಬ್ಬಿ. ಔಡಲ ಎಣ್ಣ್ಯಾಗ ಅದ್ದಿದ ಅರಿವಿ ಅದು. ಅಡಕೊತ್ತಿಗೂ ಅದ, ಚಾಕೂಗೂ ಅದ."

ಅಜ್ಜನ ಚಾಕು ಅಷ್ಟು ವರ್ಷ ಬಾಳಿದ್ದು ಅದರ ಉಕ್ಕಿನಿಂದ ಎಂದು ನಾನು ತಿಳಿದಿದ್ದೆ. ಕಾರಣ ಆ ಡಬ್ಬಿಯಲ್ಲಿತ್ತು. ಯಾವ ಕೀಲಿಗೆ ಯಾವ ಎಣ್ಣೆ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅವರಿಂದ ನಮ್ಮ ಕಾಲಕ್ಕೆ ಬರುವಾಗ ಆ ತಿಳಿವಳಿಕೆ ಎಲ್ಲಿ ತಪ್ಪಿತು ಎಂದು ಹುಡುಕುತ್ತ ಹೋದೆ. ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಮಾತಿನಲ್ಲೇ ಉಳಿದ ಚರಿತ್ರೆ

ಮೊದಲು 'ಚಾಕು' ಎಂಬ ಮಾತನ್ನೇ ನೋಡೋಣ. ಕತ್ತಿ, ಸುರಗಿ, ಕುಡಗೋಲು ನಮ್ಮಲ್ಲಿ ಹಿಂದಿನಿಂದ ಇದ್ದ ಮಾತುಗಳು. 'ಚಾಕು' ಪಾರಸಿ ಕಡೆಯಿಂದ ಬಂದದ್ದು. ತುರ್ಕಿ ಭಾಷೆಯಲ್ಲಿ ಇಂದಿಗೂ 'ಚಾಕಿ' ಎಂಬಂತೆ ಕೇಳುವ ಮಾತಿಗೆ ಮಡಚಿ ಜೇಬಿನಲ್ಲಿಡುವ ಚಾಕು ಎಂದೇ ಅರ್ಥ. ನಾವು ಈಗ ಅಡುಗೆ ಮನೆಯಲ್ಲಿ ತರಕಾರಿ ಹೆಚ್ಚುವುದಕ್ಕೂ ಚಾಕು ಅನ್ನುತ್ತೇವೆ. ಆದರೆ ಆ ಮಾತಿನ ಬೇರು ಇರುವುದು ಮಡಚುವ ಅಲಗಿನಲ್ಲಿ.

ಎರಡನೆಯದು 'ಕೀಲು'. ಬಾಗಿಲಿಗೆ ಕೀಲು, ಬಂಡಿಗೆ ಕೀಲು, ಮೊಣಕಾಲಿಗೂ ಕೀಲು. ಎರಡು ವಸ್ತು ಕೂಡಿ ಒಂದರ ಮೇಲೊಂದು ತಿರುಗುವ ಜಾಗಕ್ಕೆಲ್ಲ ನಮ್ಮಲ್ಲಿ ಇದೇ ಹೆಸರು.

ಮೂರನೆಯದು 'ಕೀಲೆಣ್ಣೆ'. ಐವತ್ತು ದಾಟಿದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಕ್ಕಡಿಯ ಅಚ್ಚಿಗೆ ಹಚ್ಚುವ ಕರಿ ಎಣ್ಣೆ ಅದು. ಔಡಲ ಎಣ್ಣೆಗೆ ಸುಟ್ಟ ಹುಲ್ಲಿನ ಕರಿ ಬೂದಿ ಕಲಸಿ ಮಾಡುತ್ತಿದ್ದರು. ಮೈಗೆ ತಾಗಿದರೆ ಹೋಗದು, ಅಂಗಿಗೆ ತಾಗಿದರೆ ಅವ್ವನ ಬೈಗುಳ ತಪ್ಪದು. ಎಣ್ಣೆ ಕಾಣದ ಗಾಲಿ ಊರ ತುಂಬ ಕಿರುಗುಟ್ಟಿ ಒಡೆಯನ ಮಾನ ಕಳೆಯುತ್ತಿತ್ತು. ಅಡುಗೆಯ ಎಣ್ಣೆ ಬೇರೆ, ದೀಪದ ಎಣ್ಣೆ ಬೇರೆ, ಕೀಲಿನ ಎಣ್ಣೆ ಬೇರೆ ಎಂದು ನಮ್ಮವರು ತಿಳಿದಿದ್ದರು ಎನ್ನುವುದಕ್ಕೆ ಈ ಒಂದು ಮಾತೇ ಸಾಕ್ಷಿ.

ನಮ್ಮ ಊರುಗಳಲ್ಲಿ ಕೀಲಿನ ಅಲಗು ಎಲ್ಲೆಲ್ಲಿತ್ತು?

ಎಲ್ಲಕ್ಕಿಂತ ಹೆಚ್ಚಾಗಿ ಎಲೆ ಚಂಚಿಯಲ್ಲಿ. ಅಡಕೊತ್ತು ಎಂದರೆ ಒಂದು ಕೀಲಿಗೆ ಕೂಡಿಸಿದ ಎರಡು ಕಬ್ಬಿಣ: ಒಂದು ಅಲಗು, ಇನ್ನೊಂದು ಅದಕ್ಕೆ ಆಸರೆ. ಒಣಗಿದ ಅಡಿಕೆ ಕಲ್ಲಿನಷ್ಟು ಗಟ್ಟಿ. ಕೀಲು ಸ್ವಲ್ಪ ಅಲುಗಾಡಿದರೂ ಅಲಗು ಪಕ್ಕಕ್ಕೆ ಜಾರಿ ಬೆರಳಿಗೆ ಬರುತ್ತದೆ. ಅದಕ್ಕೇ ಹಿರಿಯರು ಅಡಕೊತ್ತು ಕೊಳ್ಳುವಾಗ ಅಲಗಿಗಿಂತ ಮೊದಲು ಕೀಲನ್ನು ಅಲ್ಲಾಡಿಸಿ ನೋಡುತ್ತಿದ್ದರು.

ಎಲೆ ಅಡಿಕೆಗೆ ಈ ನಾಡಿನಲ್ಲಿ ದೊಡ್ಡ ಚರಿತ್ರೆಯಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿನ ವೀಳ್ಯದ ಬಗ್ಗೆ ಬೆರಗಿನಿಂದ ಬರೆದಿದ್ದಾನೆ. ಅದಕ್ಕೂ ಮೂರು ನೂರು ವರ್ಷ ಹಿಂದೆ, 12ನೆಯ ಶತಮಾನದಲ್ಲಿ, ಬಸವಣ್ಣನವರ ಜೊತೆಗಿದ್ದ ಶರಣ ಹಡಪದ ಅಪ್ಪಣ್ಣ. ಹಡಪ ಎಂದರೆ ಎಲೆ ಅಡಿಕೆಯ ಚೀಲ. ಅಪ್ಪಣ್ಣನವರ ಹೆಂಡತಿ ಲಿಂಗಮ್ಮ ಕೂಡ ವಚನಕಾರ್ತಿ.

ಕಾಲ ಕಳೆದ ಹಾಗೆ 'ಹಡಪ' ಎಂಬ ಮಾತಿಗೆ ಇನ್ನೊಂದು ಅರ್ಥ ಸೇರಿತು. ಕ್ಷೌರಿಕನ ಸಲಕರಣೆಯ ಚೀಲಕ್ಕೂ ಹಡಪ ಎಂದರು. ಆ ಚೀಲದಲ್ಲಿ ಎರಡು ಕೀಲಿನ ಅಲಗುಗಳು: ಒಂದು ಕತ್ತರಿ, ಇನ್ನೊಂದು ಹಿಡಿಕೆಯೊಳಗೆ ಮಡಚಿಕೊಳ್ಳುವ ಕ್ಷೌರದ ಕತ್ತಿ. ಗಂಟಲಿನ ಮೇಲೆ ಆಡುವ ಅಲಗು ಅದು. ಅದರ ಕೀಲು ಸಡಿಲಾದರೂ ಅಪಾಯ, ಬಿಗಿಯಾದರೂ ಅಪಾಯ. ಊರಿನಲ್ಲಿ ಕೀಲಿನ ಹದ ಎಲ್ಲರಿಗಿಂತ ಚೆನ್ನಾಗಿ ತಿಳಿದವರು ಹಡಪದ ಮನೆತನದವರು ಎಂದರೆ ತಪ್ಪಿಲ್ಲ.

ಮೂರನೆಯ ಜಾಗ ಕುಲಕರ್ಣಿಯ ದಫ್ತರ. ಲೆಕ್ಕಣಿಕೆಯ ಮೊನೆ ಹೆರೆಯಲು ಬರೆಯುವವರ ಬಳಿ ಒಂದು ಸಣ್ಣ ಚಾಕು ಇರಲೇಬೇಕಿತ್ತು. ರೈತನ ಸೊಂಟದ ಚಾಕು ಮುಳ್ಳು ತೆಗೆದರೆ, ದಫ್ತರದ ಚಾಕು ಹೆರೆದ ಲೆಕ್ಕಣಿಕೆ ಅವನ ಹೊಲದ ಲೆಕ್ಕ ಬರೆಯುತ್ತಿತ್ತು.

ಕನ್ನಡದ ಉಕ್ಕು, ಲಂಡನ್ನಿನ ಚಾಕು

ಮಡಚುವ ಚಾಕು ಬಹಳ ಹಳೆಯದು. ಆಸ್ಟ್ರಿಯಾ ದೇಶದ ಹಾಲ್‌ಸ್ಟಾಟ್ ಎಂಬಲ್ಲಿ ಎಲುಬಿನ ಹಿಡಿಕೆಯ ಒಂದು ಮಡಚುವ ಚಾಕು ಸಿಕ್ಕಿದೆ. ಅದರ ವಯಸ್ಸು ಸುಮಾರು 2,500 ವರ್ಷ. ಹಳೆಯ ಚಾಕುಗಳಲ್ಲಿ ಸ್ಪ್ರಿಂಗ್ ಇರಲಿಲ್ಲ. ಕೀಲಿನ ಬಿಗಿಯೇ ಅಲಗನ್ನು ಹಿಡಿದು ನಿಲ್ಲಿಸುತ್ತಿತ್ತು. ಹಿಡಿಕೆಯ ಬೆನ್ನಿಗೆ ಒಂದು ಉಕ್ಕಿನ ಪಟ್ಟಿ ಕೂಡಿಸಿ, ಅದರ ಒತ್ತಡದಿಂದ ಅಲಗು ನಿಲ್ಲುವಂತೆ ಮಾಡಿದ್ದು 17ನೆಯ ಶತಮಾನದಲ್ಲಿ. ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣ ಇದರಲ್ಲಿ ಹೆಸರಾಯಿತು. ಅಜ್ಜನ ಚಾಕು ಮಾಡುತ್ತಿದ್ದ 'ಟಕ್' ಸದ್ದು ಈ ಪಟ್ಟಿಯದು.

ಈ ಕಥೆಯಲ್ಲಿ ನಮ್ಮದೂ ಒಂದು ಪಾಲಿದೆ. 1794ರ ಸುಮಾರಿಗೆ ಮುಂಬೈಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಇಲ್ಲಿನ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೆ ಕಳಿಸಿದ. ಅಲ್ಲಿ ಅದಕ್ಕೆ 'ವೂಟ್ಸ್' ಎಂಬ ಹೆಸರು ಬಿತ್ತು. ನಮ್ಮ 'ಉಕ್ಕು' ಎಂಬ ಮಾತೇ ಪರದೇಶಿಗರ ಕಿವಿಯಲ್ಲಿ, ಕೈಬರಹದಲ್ಲಿ ಹೀಗೆ ತಿರುಚಿಕೊಂಡಿತು ಎಂದು ಬಹಳ ಜನ ವಿದ್ವಾಂಸರು ಒಪ್ಪುತ್ತಾರೆ. ಜಾರ್ಜ್ ಪಿಯರ್ಸನ್ ಈ ಉಕ್ಕನ್ನು ಪರೀಕ್ಷಿಸಿ 1795ರಲ್ಲಿ ಪ್ರಬಂಧ ಬರೆದ. ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕ ಅದೇ ಉಕ್ಕಿನಿಂದ ಲೇಖನಿ ಹೆರೆಯುವ ಚಾಕು ಮಾಡಿ ಮೆಚ್ಚಿಕೊಂಡ. ಮುಂದೆ 1820ರ ಸುಮಾರಿಗೆ ಇದೇ ಸ್ಟೊಡಾರ್ಟ್, ವಿಜ್ಞಾನಿ ಮೈಕೆಲ್ ಫ್ಯಾರಡೆ ಜೊತೆ ಸೇರಿ ಅಂಥ ಉಕ್ಕು ಮಾಡಲು ಪ್ರಯೋಗ ನಡೆಸಿದ.

ಆದರೆ ಗಮನಿಸಿ. ಲಂಡನ್ನಿನಲ್ಲಿ ಉಕ್ಕಿನ ಬಗ್ಗೆ ಪ್ರಬಂಧ ಬಂತು, ಪ್ರಯೋಗ ಮಾಡಿದವರ ಹೆಸರು ಉಳಿಯಿತು. ಮೂಸೆಯ ಮುಂದೆ ಕುಳಿತು ಉಕ್ಕು ಮಾಡಿದ ನಮ್ಮ ಕಡೆಯ ಕೆಲಸಗಾರರ ಹೆಸರು ಒಂದೂ ಉಳಿಯಲಿಲ್ಲ. ಉಕ್ಕು ಮಾಡಿದವರ ಗತಿ ಹೀಗಾದರೆ, ಮಾಡಿದ್ದನ್ನು ತಿಕ್ಕಿ ಎಣ್ಣೆ ಹಾಕಿ ಬಾಳಿಸಿದವರನ್ನು ಕೇಳುವವರು ಯಾರು?

ಸರ್ಕಾರ ಅಲಗು ಎಣಿಸಿದ ಕಾಲ

ಮುಂಡರಗಿಯ ನೆಲದಲ್ಲಿ ನಿಂತು ಅಲಗಿನ ಮಾತಾಡುವಾಗ 1857-58 ನೆನಪಾಗದೆ ಇರದು. ಉತ್ತರದಲ್ಲಿ ಬಂಡಾಯ ಎದ್ದ ಮೇಲೆ ಕಂಪನಿ ಸರ್ಕಾರ 1857ರ ಸೆಪ್ಟೆಂಬರಿನಲ್ಲಿ ಆಯುಧಗಳ ಕಾನೂನು ತಂದಿತು. ಜನ ತಮ್ಮಲ್ಲಿದ್ದ ಆಯುಧ ಒಪ್ಪಿಸಬೇಕು, ಇಟ್ಟುಕೊಳ್ಳಲು ಪರವಾನಗಿ ಬೇಕು.

ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ನುಗ್ಗಿ ಸುಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಈ ಕಥೆ ಲಾವಣಿಯಾಗಿ ಉಳಿಯಿತು. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಅದನ್ನು ಸಂಗ್ರಹಿಸಿ ಪ್ರಕಟಿಸಿದ.

ಮರುವರ್ಷ ಕಿಚ್ಚು ನಮ್ಮ ಕಡೆ ಬಂತು. ನರಗುಂದದ ಭಾಸ್ಕರರಾವ್, ಅಂದರೆ ಬಾಬಾಸಾಹೇಬ, ಬಂಡೆದ್ದು 1858ರ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದ. ಅದೇ ಹೊತ್ತಿಗೆ ಮುಂಡರಗಿ ಭೀಮರಾವ್ ಮತ್ತು ಹಮ್ಮಿಗಿಯ ಕೆಂಚನಗೌಡ ಡಂಬಳದ ಖಜಾನೆ ಲೂಟಿ ಮಾಡಿ ಕೊಪ್ಪಳ ಕೋಟೆ ಹಿಡಿದರು. ಜೂನ್ 1ರಂದು ಅಲ್ಲೇ ಹೋರಾಡಿ ಮಡಿದರು.

ಆಗ ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಗದಗ ಮತ್ತು ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. 1878ರಲ್ಲಿ ಇನ್ನೂ ಬಿಗಿಯಾದ ಆಯುಧ ಕಾನೂನು ಬಂತು. ಇಂದು ನಡೆಯುತ್ತಿರುವುದು 1959ರ ಕಾನೂನು. ಅದರ ನಿಯಮದ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಪಟ್ಟಿಗೆ ಬರುತ್ತದೆ. ಮನೆಗೆಲಸ, ಒಕ್ಕಲುತನ, ವಿಜ್ಞಾನ ಮತ್ತು ಕೈಗಾರಿಕೆಗೆಂದೇ ಮಾಡಿದ ಅಲಗುಗಳನ್ನು ಮಾತ್ರ ಬಿಡಲಾಗಿದೆ. ನಿಮ್ಮ ಕುಡಗೋಲಿಗೆ ಲೈಸೆನ್ಸ್ ಬೇಡದಿರುವುದು ಈ ಒಂದು ಸಾಲಿನಿಂದ.

ಉತ್ತರ ಪ್ರದೇಶದ ರಾಂಪುರದಲ್ಲಿ ಮಡಚುವ ಚಾಕುವಿನದೇ ದೊಡ್ಡ ಕಸುಬಿತ್ತು. ಹಿಂದಿ ಸಿನಿಮಾದ ಖಳನಾಯಕರ ಕೈಯಲ್ಲಿ ಕಾಣುತ್ತಿದ್ದ ರಾಂಪುರಿ ಅದೇ. 1990ರ ದಶಕದಲ್ಲಿ ಅಲ್ಲಿನ ಸರ್ಕಾರ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿಗೆ ನಿರ್ಬಂಧ ಹಾಕಿತು, ಕಸುಬು ಸೊರಗಿತು. 2023ರಲ್ಲಿ ಅದೇ ಊರಿನ ವೃತ್ತದಲ್ಲಿ ಸುಮಾರು 20 ಅಡಿಯ ಚಾಕುವಿನ ಸ್ಮಾರಕ ನಿಲ್ಲಿಸಿದರು.

ನಮ್ಮ ಕಡೆ ಕತ್ತಿ, ಭರ್ಚಿಗಳು ಸರ್ಕಾರದ ಲೆಕ್ಕಕ್ಕೆ ಹೋದವು. ಮನೆಗಳಲ್ಲಿ ಉಳಿದದ್ದು ದುಡಿಯುವ ಕಬ್ಬಿಣ: ಕುಡಗೋಲು, ಕೊಡಲಿ, ಕತ್ತರಿ, ಅಡಕೊತ್ತು, ಮಡಚುವ ಚಾಕು. ಯುದ್ಧದ ಅಲಗಿನ ಚರಿತ್ರೆ ಪುಸ್ತಕಗಳಲ್ಲಿದೆ. ದುಡಿಯುವ ಅಲಗಿನದು ಅಜ್ಜನ ಡಬ್ಬಿಯಂಥ ಸಾಮಾನುಗಳಲ್ಲಿ ಮಾತ್ರ ಉಳಿದಿದೆ.

ಔಡಲ ಏಕೆ, ಕುಸುಬಿ ಏಕಲ್ಲ?

ಕಂಬಾರ ಕಾಕಾ ಹೇಳಿದ್ದು ರಸಾಯನ ಶಾಸ್ತ್ರದ ಪ್ರಕಾರವೂ ಸರಿ. ಎಣ್ಣೆಗಳಲ್ಲಿ ಒಣಗುವ ಎಣ್ಣೆ, ಒಣಗದ ಎಣ್ಣೆ ಎಂಬ ಜಾತಿಗಳಿವೆ. ಕುಸುಬಿ ಒಣಗುವ ಜಾತಿಯದು. ಗಾಳಿಯ ಆಮ್ಲಜನಕ ಹೀರಿ ನಿಧಾನಕ್ಕೆ ಪೊರೆ ಕಟ್ಟುತ್ತದೆ. ಅಗಸೆ ಎಣ್ಣೆಯೂ ಹಾಗೇ. ಈ ಗುಣಕ್ಕೇ ಇವನ್ನು ಬಣ್ಣ, ವಾರ್ನಿಷ್ ತಯಾರಿಸಲು ಬಳಸುತ್ತಾರೆ. ಬಾಗಿಲಿಗೆ ಬಳಿಯುವ ಬಣ್ಣವನ್ನು ಕೀಲಿಗೆ ಬಿಟ್ಟರೆ ಏನಾಗಬಹುದೋ, ನನ್ನ ಚಾಕುವಿಗೆ ಆಗಿದ್ದು ಅದೇ. ಶೇಂಗಾ ಎಣ್ಣೆ ಅಷ್ಟು ಬೇಗ ಒಣಗದಿದ್ದರೂ ಕಮಟಾಗಿ, ಧೂಳು ಹಿಡಿದು ಜಿಗುಟಾಗುತ್ತದೆ.

ಔಡಲ ಎಣ್ಣೆ ಒಣಗದ ಜಾತಿ. ದಪ್ಪ, ಕಬ್ಬಿಣಕ್ಕೆ ಅಂಟಿಕೊಂಡು ನಿಲ್ಲುತ್ತದೆ, ಒತ್ತಡ ಬಿದ್ದರೂ ಜಾರಿ ಹೋಗುವುದಿಲ್ಲ. ಚಕ್ಕಡಿಯ ಅಚ್ಚಿಗೆ ಬೇಕಾದದ್ದೂ ಇದೇ ಗುಣ.

ಈ ಗುಣ ಹಳ್ಳಿಗೆ ಮಾತ್ರ ಗೊತ್ತಿದ್ದದ್ದಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗಕ್ಕೆ ಬಂದ ಕಾಲಕ್ಕೆ ಭಾರತದ ರೈಲುಗಳಲ್ಲಿ ಔಡಲ ಎಣ್ಣೆಯನ್ನು ಕೀಲೆಣ್ಣೆಯಾಗಿ ಬಳಸುವ ರೂಢಿಯಿತ್ತು. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್‌ಗಳು ಓಡಿದ್ದೂ ಇದೇ ಎಣ್ಣೆಯ ಮೇಲೆ. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಎಣ್ಣೆಯ ಕಂಪನಿ ಕಟ್ಟಿದ. 1909ರಲ್ಲಿ ಔಡಲ ಎಣ್ಣೆ ಬೆರೆಸಿದ ಹೊಸ ಎಂಜಿನ್ ಎಣ್ಣೆಗೆ ಔಡಲದ ಇಂಗ್ಲಿಷ್ ಹೆಸರು 'ಕ್ಯಾಸ್ಟರ್' ಸೇರಿಸಿ 'ಕ್ಯಾಸ್ಟ್ರಾಲ್' ಎಂದು ಕರೆದ. ಇಂದು ನಮ್ಮ ಬೈಕಿಗೆ ಹಾಕಿಸುವ ಡಬ್ಬಿಯ ಮೇಲಿನ ಹೆಸರಿನಲ್ಲಿ ಹೊಲದ ಬದುವಿನ ಔಡಲ ಅಡಗಿದೆ.

ಆಮೇಲೆ ನೆಲದೊಳಗಿನ ಎಣ್ಣೆ ಬಂತು. ಗಾಜಿನ ಚಿಮಣಿಯ ದೀಪದ ಜೊತೆ ಬಂದ ಕೆರೋಸಿನ್‌ಗೆ ನಮ್ಮವರು ಚಿಮಣಿ ಎಣ್ಣೆ ಎಂದರು. ಹೊಲಿಗೆ ಮಷಿನ್ ಜೊತೆ ತೆಳು ಮಷಿನ್ ಎಣ್ಣೆ ಬಂತು. ಬೆಟಗೇರಿಯ ಪವರ್‌ಲೂಮ್‌ಗಳಿಗೆ, ಗದಗದ ಮುದ್ರಣ ಯಂತ್ರಗಳಿಗೆ ಇದೇ ಬಗೆಯ ಎಣ್ಣೆ ಬೇಕಾಯಿತು. ಔಡಲ ಹಿಂದೆ ಸರಿಯಿತು. ಚಕ್ಕಡಿಗೆ ಟಾಯರ್ ಗಾಲಿ, ಬೇರಿಂಗ್ ಬಂದ ಮೇಲೆ ಕೀಲೆಣ್ಣೆ ಎಂಬ ಮಾತೂ ಮಕ್ಕಳ ಬಾಯಿಂದ ಹೋಯಿತು. ಕೀಲೆಣ್ಣೆ ಬೇರೆ, ಅಡುಗೆ ಎಣ್ಣೆ ಬೇರೆ ಎಂಬ ತಿಳಿವಳಿಕೆ ಆ ಮಾತಿನ ಜೊತೆಗೇ ಹೋಯಿತು. ನಾನು ಕುಸುಬಿ ಎಣ್ಣೆ ತಂದದ್ದು ಹಾಗೆ.

ಆಯ ಹೋದ ಮೇಲೆ

ಇನ್ನೊಂದು ಕಾರಣವೂ ಇದೆ, ಅದು ದುಡ್ಡಿನದು.

ಹಿಂದೆ ಊರಿನ ಕಂಬಾರ, ಬಡಿಗ, ಹಡಪದ, ಅಗಸ ಇವರೆಲ್ಲ ಆಯಗಾರರು. ಕೆಲಸಕ್ಕೊಂದು ದರ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ರಾಶಿಯಿಂದ ತಮ್ಮ ಆಯ ಒಯ್ಯುತ್ತಿದ್ದರು. ವರ್ಷವಿಡೀ ಕುಂಟೆ, ಕೂರಿಗೆ, ಕುಡಗೋಲು ಹದವಾಗಿಡುವುದು ಕಂಬಾರನ ಹೊಣೆ. ಕೀಲಿಗೆ ರಿವಿಟ್ ಸರಿಯಾಗಿ ಬಡಿಯದಿದ್ದರೆ ಅದೇ ಕುಡಗೋಲು, ಅದೇ ಅಡಕೊತ್ತು ಮತ್ತೆ ಅವನ ಮುಂದೆ ಬರುತ್ತಿತ್ತು. ಎರಡನೆಯ ಸಲಕ್ಕೆ ಬೇರೆ ಕಾಳಿಲ್ಲ. ಹಾಗಾಗಿ ಸಾಮಾನು ಬಹಳ ದಿನ ಬಾಳಿದರೆ ಒಡೆಯನಿಗೂ ಲಾಭ, ಕಂಬಾರನಿಗೂ ಲಾಭ.

ಅಂಗಡಿಯ ಲೆಕ್ಕ ತಿರುವು ಮುರುವು. ಚಾಕು ಎಷ್ಟು ಬೇಗ ಕೆಟ್ಟರೆ ಅಷ್ಟು ಬೇಗ ಇನ್ನೊಂದು ಮಾರಾಟ. ಸಂತೆಯಲ್ಲಿ ಸಿಗುವ ಅಗ್ಗದ ಮಡಚು ಚಾಕುವಿನ ಕೀಲು ಬಿಚ್ಚಲು ಬರುವುದಿಲ್ಲ. ಸಡಿಲಾದರೆ ಬಿಗಿಯಲು ಬರುವುದಿಲ್ಲ, ಬಿಗಿಯಾದರೆ ತಿಪ್ಪೆಗೆ.

ಆಯದ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ಅದರಲ್ಲಿ ಜಾತಿಯ ಕಟ್ಟಿತ್ತು. ಕಂಬಾರನ ಮಗ ಕಂಬಾರನೇ ಆಗಬೇಕಿತ್ತು. ಬರ ಬಿದ್ದ ವರ್ಷ ಕಣದಲ್ಲಿ ರಾಶಿ ಇಲ್ಲ, ಆಯಗಾರನ ಮನೆಯಲ್ಲಿ ಒಲೆ ಇಲ್ಲ. ಕೆಲವರ ಗಡ್ಡಕ್ಕೆ ಊರಿನ ಕತ್ತಿ ಮುಟ್ಟದಂತೆ ತಡೆದದ್ದೂ ಅದೇ ವ್ಯವಸ್ಥೆ. ಅದು ಹೋದದ್ದು ಒಳ್ಳೆಯದೇ. ಆದರೆ ಅದರ ಜೊತೆಗೆ, ಇದ್ದ ಸಾಮಾನನ್ನು ಬಾಳಿಸುವ ಕೆಲಸಕ್ಕೂ ಬೆಲೆ ಕೊಡಬೇಕು ಎಂಬ ಮಾತು ಹೋಯಿತು. ಅದು ನಷ್ಟ.

ಮುಂಡರಗಿ ಕಡೆಯ ಆ ಕುಲುಮೆಯಲ್ಲಿ ಈಗ ಮುಂಗಾರಿನ ಮೊದಲು ಕೆಲವು ದಿನ ಮಾತ್ರ ಬೆಂಕಿ. ಕಾಕಾರ ಮಗ ಹುಬ್ಬಳ್ಳಿಯಲ್ಲಿ ವೆಲ್ಡಿಂಗ್ ಮಾಡುತ್ತಾನೆ. "ಅಂವ ಕೂಡಿಸ್ತಾನ, ಆದ್ರ ಅದು ತಿರಗಂಗಿಲ್ಲ" ಎಂದು ಅವರು ನಕ್ಕರು. ವೆಲ್ಡಿಂಗ್ ಮಾಡಿದ್ದು ಅಲ್ಲಾಡದು. ಕೀಲು ಕೂಡಿಸಿಯೂ ತಿರುಗುವಂತೆ ಬಿಡಬೇಕು.

ಖಂಡೇನವಮಿಯ ಅರ್ಥ

ವರ್ಷಕ್ಕೊಮ್ಮೆ ಕೀಲುಗಳನ್ನು ನೋಡಿಕೊಳ್ಳುವ ದಿನ ನಮ್ಮಲ್ಲಿ ಮೊದಲೇ ಇತ್ತು. ಖಂಡೇನವಮಿಗೆ ಸಾಮಾನುಗಳನ್ನೆಲ್ಲ ಹೊರಗೆ ತಂದು ತಿಕ್ಕಿ, ತೊಳೆದು, ಒರೆಸಿ, ಎಣ್ಣೆ ಹಚ್ಚಿ ಆಮೇಲೆ ಪೂಜೆಗೆ ಇಡುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತು ಅದು. ತೇವ ಕುಡಿದ ಕಬ್ಬಿಣಕ್ಕೆ ತುಕ್ಕು ಹತ್ತುವ ಮುಂಚೆ ಎಣ್ಣೆ ಸಿಗುತ್ತಿತ್ತು. ಈಗ ನಮ್ಮ ಮನೆಯಲ್ಲೂ ಸೇರಿ ಬಹಳ ಕಡೆ ನೇರವಾಗಿ ಒದ್ದೆ ಕುಂಕುಮ ಹಚ್ಚಿ, ಹೂ ಏರಿಸಿ, ಫೋಟೊ ತೆಗೆಯುತ್ತೇವೆ. ಕೀಲಿಗೆ ಸಿಗುವುದು ಎಣ್ಣೆಯ ಬದಲು ನೀರು.

ಹಾಗಾದರೆ ಮಾಡುವುದು ಹೇಗೆ?

ಕಾಕಾ ನನ್ನ ಮುಂದೆಯೇ ಮಾಡಿ ತೋರಿಸಿದ್ದನ್ನು ಬರೆಯುತ್ತೇನೆ. ನಿಮ್ಮ ಮನೆಯಲ್ಲಿ ಇರುವ ಸಾಮಾನಿನಲ್ಲೇ ಆಗುತ್ತದೆ.

ಒಂದು: ಜೋರು ಮಾಡಬೇಡಿ, ಸುತ್ತಿಗೆ ಬೇಡ. ಚಾಕು ಮಡಚಿದ್ದಾಗಲೇ ಕೀಲಿನ ಎರಡೂ ಬದಿಗೆ ಚಿಮಣಿ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಅದು ಸಿಗದಿದ್ದರೆ ಡೀಸೆಲ್ ಆದೀತು. ಹಳೆಯ ಅಂಟನ್ನು ಅದು ಕರಗಿಸುತ್ತದೆ. ಒಲೆಯ ಹತ್ತಿರ ಮಾತ್ರ ಇಡಬೇಡಿ.

ಎರಡು: ಬೆಳಿಗ್ಗೆ ನಿಧಾನಕ್ಕೆ ತೆರೆಯಿರಿ. ತೆರೆದ ಮೇಲೆ ಅಲಗಿಗೆ ದಪ್ಪ ಅರಿವೆ ಸುತ್ತಿ. ಬಹಳ ಜನ ಕೈ ಕೊಯ್ದುಕೊಳ್ಳುವುದು ಇಲ್ಲೇ.

ಮೂರು: ಹಳೆಯ ಹಲ್ಲುಜ್ಜುವ ಬ್ರಷ್, ಒಂದು ಚೂಪು ಕಡ್ಡಿ ತೆಗೆದುಕೊಂಡು ಕೀಲಿನ ಸಂದು, ಹಿಡಿಕೆಯ ಒಳಗಿನ ಕಾಲುವೆ ಸ್ವಚ್ಛ ಮಾಡಿ. ಹೊಲದ ಮಣ್ಣು, ಹಣ್ಣಿನ ರಸ, ಅರಿವೆಯ ನಾರು ಎಲ್ಲ ಅಲ್ಲೇ ಕೂತಿರುತ್ತವೆ. ಮಣ್ಣಿನ ಕಣ ಮತ್ತು ಎಣ್ಣೆ ಕೂಡಿದರೆ ಸಾಣೆಯಂತೆ ಕೀಲನ್ನು ಸವೆಸುತ್ತದೆ. ಆದ್ದರಿಂದ ಕೊಳೆ ತೆಗೆಯದೆ ಎಣ್ಣೆ ಹಾಕುವುದು ಹಾಕದಿರುವುದಕ್ಕಿಂತ ಕೆಟ್ಟದ್ದು.

ನಾಲ್ಕು: ಬಿಸಿ ನೀರು, ಸೋಪಿನಿಂದ ತೊಳೆದು, ಒರೆಸಿ, ಬಿಸಿಲಲ್ಲಿ ಪೂರಾ ಒಣಗಿಸಿ.

ಐದು: ಕೀಲಿಗೆ ಒಂದೇ ಹನಿ ಎಣ್ಣೆ. ಹೊಲಿಗೆ ಮಷಿನ್ ಎಣ್ಣೆ ಎಲ್ಲಕ್ಕಿಂತ ಛಲೋ, ಊರಿನ ಟೇಲರ್ ಹತ್ತಿರ ಇದ್ದೇ ಇರುತ್ತದೆ. ಹಣ್ಣು, ತರಕಾರಿ ಹೆಚ್ಚುವ ಚಾಕು ಆದರೆ ಔಷಧ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಬಿಡಿ. ಅಡಕೊತ್ತಿನಂಥ ಭಾರದ ಕೀಲಿಗೆ ಔಡಲ ಎಣ್ಣೆ ಇಂದಿಗೂ ಆಗುತ್ತದೆ. ಕೊಬ್ಬರಿ ಎಣ್ಣೆ ಒಣಗದಿದ್ದರೂ ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ.

ಆರು: ಇಪ್ಪತ್ತು ಸಲ ತೆರೆದು ಮುಚ್ಚಿ. ಕಪ್ಪು ರಸ ಹೊರಗೆ ಬರುತ್ತದೆ, ಒರೆಸಿ. ಎಣ್ಣೆ ತಿಳಿಯಾಗಿ ಬರುವವರೆಗೆ ಹೀಗೇ ಮಾಡಿ. ಕೊನೆಗೆ ಹೊರಗಿನ ಎಣ್ಣೆಯನ್ನೆಲ್ಲ ಒಣ ಅರಿವೆಯಿಂದ ಒರೆಸಿಬಿಡಿ. ಉಳಿದ ಎಣ್ಣೆ ನಮ್ಮ ಎರೆ ಹೊಲದ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ.

ಕ್ಷೌರದ ಅಂಗಡಿ ನಡೆಸುವ ಓದುಗರಿಗೆ ಒಂದು ಮಾತು. ನಿಮ್ಮ ಕೀಲಿಗೆ ಎಣ್ಣೆಗಿಂತ ಮೊದಲು ಬೇಕಾದದ್ದು ಸೋಂಕು ಕಳೆಯುವುದು. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ 7 ದಿನ ಬದುಕಬಲ್ಲದು. ಪ್ರತಿ ಗಿರಾಕಿಗೆ ಬ್ಲೇಡ್ ಬದಲಿಸಿದರೂ ಹಿಡಿಕೆಯ ಕೀಲಿನಲ್ಲಿ ಕೂದಲು, ಸೋಪು, ರಕ್ತ ಕೂತಿದ್ದರೆ ಅರ್ಧ ಕೆಲಸವಷ್ಟೇ ಆದಂತೆ. ಕೀಲು ತೆರೆದು ತಿಕ್ಕಿ ತೊಳೆದು, ಸೋಂಕು ನಿವಾರಕದಲ್ಲಿ ಹೇಳಿದಷ್ಟು ಹೊತ್ತು ಅದ್ದಿ, ಒಣಗಿಸಿ, ಆಮೇಲೆ ಎಣ್ಣೆ. ಗಿರಾಕಿಗಳೂ ಇದನ್ನು ನಾಚಿಕೆಯಿಲ್ಲದೆ ಕೇಳಬೇಕು.

ಕೊನೆಗೆ

ಅಜ್ಜನ ಚಾಕು ತೆರೆಯಿತು. ಅಲಗಿನ ಬುಡದಲ್ಲಿ ಸ್ವಲ್ಪ ತುಕ್ಕು ಬಿಟ್ಟರೆ ಉಳಿದದ್ದೆಲ್ಲ ಗಟ್ಟಿಯಿತ್ತು. ಆರನೆಯದೋ ಏಳನೆಯದೋ ಸಲ ಮುಚ್ಚಿದಾಗ ಆ ಹಳೆಯ 'ಟಕ್' ಕೇಳಿಸಿತು. ಕಾಕಾರ ಮುಖದಲ್ಲೂ ನಗು ಬಂತು.

"ಎಷ್ಟ್ ಕೊಡ್ಲಿರಿ ಕಾಕಾ?" ಎಂದೆ.

"ಒಂದ್ ಹನಿ ಎಣ್ಣಿಗೆ ಏನ್ ರೊಕ್ಕ ಇಸಗೊಳ್ಳೋದು? ನಿಮ್ಮಜ್ಜ ಇದ್ದಾಗ ಆಯ ಕೊಡ್ತಿದ್ದ. ನೀ ಜ್ವಾಳಾ ಬೆಳೀತಿಯೇನು ಮತ್ತ?"

ನಾನು ಜೋಳ ಬೆಳೆಯುವುದಿಲ್ಲ, ಸುದ್ದಿ ಬರೆಯುತ್ತೇನೆ. ಆದರೂ ಮುಂದಿನ ವಾರ ಅದೇ ದಾರಿಯಲ್ಲಿ ಹೋಗುವಾಗ ಅಣ್ಣನ ಹೊಲದ ಐದು ಕಿಲೋ ಬಿಳಿಜೋಳ ಕುಲುಮೆಯ ಕಟ್ಟೆಯ ಮೇಲಿಟ್ಟು ಬಂದೆ. ಬೇಡ ಬೇಡ ಎನ್ನುತ್ತಲೇ ಒಳಗೆ ಒಯ್ದರು.

ಡಬ್ಬಿಯ ಅರಿವೆ ಬದಲಿಸಿದ್ದೇನೆ. ಅಂಗಿಯ ಜೇಬಿನಲ್ಲಿ ಈಗ ಪೆನ್ನಿನ ಪಕ್ಕ ಚಾಕು ಇರುತ್ತದೆ. ನಿಮ್ಮ ಮನೆಯ ಟ್ರಂಕಿನಲ್ಲಿ, ಜಂತಿಯ ಸಂದಿನಲ್ಲಿ ತೆರೆಯದ ಚಾಕುವೋ ಅಲ್ಲಾಡದ ಅಡಕೊತ್ತೋ ಇದ್ದರೆ ಗುಜರಿಯವನಿಗೆ ಹಾಕುವ ಮೊದಲು ಒಂದು ರಾತ್ರಿ ಚಿಮಣಿ ಎಣ್ಣೆಯಲ್ಲಿಟ್ಟು ನೋಡಿ. ಊರಿನಲ್ಲಿ ಕುಲುಮೆ ಇನ್ನೂ ಇದ್ದರೆ ಅಲ್ಲಿಗೂ ಒಮ್ಮೆ ಹೋಗಿ ಬನ್ನಿ.